ಗಾಳಿಯನ್ನು ಕೇಳುತ್ತಿದ್ದ ಗೌಂಡಿ

ದಾಂಡೇಲಿಯ ನಮ್ಮ ಮನೆಯನ್ನು ಅಪ್ಪನ ಕಾಲದಲ್ಲಿ ಕಟ್ಟಿದ ಗೌಂಡಿಯನ್ನೇ ಅದರ ಮುಂಭಾಗ ಒಡೆಯಲು ಕರೆಸಿದ್ದೆ. ಸಪಾಟು ತಾರಸಿ, ಉದ್ದನೆಯ ಸಜ್ಜಾ, ಪಡಸಾಲೆಗೆ ತೂತಿನ ಸಿಮೆಂಟ್ ಬಿಲ್ಲೆಗಳ ಜಾಳಿ. ಹತ್ತಿರದ ಅಂಬಿಕಾನಗರದಲ್ಲಿ ವಿದ್ಯುತ್ ಯೋಜನೆಯವರ ಕ್ವಾರ್ಟರ್ಸ್ ಕಟ್ಟುವಾಗ ಗೌಂಡಿ ಕಲಿತ ಮಾದರಿ ಅದು. ನನಗೆ ಈಗಿನವರಂತೆ ಗಾಜಿನ ಮುಖ ಬೇಕಿತ್ತು.

ಕೆಲಸಕ್ಕೆ ಮುಂಚೆ ಒದ್ದೆ ಅಂಗೈಯನ್ನು ಮೇಲೆತ್ತಿ ಹಿಡಿಯುವುದು ಅವರ ರೂಢಿ. ಅವತ್ತೂ ಹಿಡಿದರು. “ಗಾಳೀನ್ನ ಕೇಳಿ ಕಟ್ಟಬೇಕ್ರಿ,” ಎಂದರು, ಎಂದಿನಂತೆ. ಸುತ್ತಿಗೆ ಬೀಸಲಿಲ್ಲ, ಉಳಿಯಿಂದ ಒಂದೊಂದೇ ಬಿಲ್ಲೆ ಬಿಡಿಸಿ ಹಿತ್ತಲಲ್ಲಿ ಒರಗಿಸಿಟ್ಟರು. “ಚೆಲ್ಲಬ್ಯಾಡ್ರಿ. ಮುಂದ ಬೇಕಾಗ್ತಾವ.”

ಅವರು ತೀರಿಕೊಂಡ ಮೇಲೆ ಬಂದ ಬೇಸಿಗೆಯಲ್ಲಿ, ಗಾಜಿನ ಹಿಂದೆ ಸೆಕೆ ತಾಳಲಾರದೆ ಹಗಲೆಲ್ಲ ಪರದೆ ಎಳೆದಿಟ್ಟೆವು. ಕೊನೆಗೆ ಹೊಸ ಗೌಂಡಿಯೊಬ್ಬನನ್ನು ಕರೆದು ಬಿಲ್ಲೆ ತೋರಿಸಿದೆ. ಒಂದೂ ಮುಕ್ಕಾಗಿರಲಿಲ್ಲ. ಅವನು ಒಂದನ್ನು ತಿರುಗಿಸಿ ನೋಡಿ ಕೇಳಿದ: “ಇವನ್ನ ಹೆಂಗ ಕೂಡಸ್ತಾರ್ರೀ?”