ಉಪವಾಸ ಬಿದ್ದ ಬೋರ್ಡು

ಮೊನ್ನೆ ಯಾದಗಿರಿಯ ಮೊಬೈಲ್ ಅಂಗಡಿಯೊಂದರಲ್ಲಿ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೆಸುಗೆ ಹಾಕುವಾಗ ಏಳುವ ಹೊಗೆ. ಮೊದಲು ಬಂದದ್ದು ಸಿಟ್ಟು, ನೆನಪು ಆಮೇಲೆ. ಬಂದ ನೆನಪಾದರೂ ಸುಳ್ಳೇ: ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯವರ ರಿಪೇರಿ ಅಂಗಡಿ, ಬೋರ್ಡಿನ ಮೇಲೆ ಬಗ್ಗಿ ಬೆಸುಗೆ ಹಾಕುತ್ತಿರುವ ಅದರ ಯಜಮಾನ, ನಾನು ಅಣ್ಣ ಎನ್ನುತ್ತಿದ್ದವನು. ಅಣ್ಣ ಬೆಸುಗೆ ಹಾಕಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹಾಕುತ್ತಿದ್ದವಳು ಅವನ ಹೆಂಡತಿ, ನನ್ನ ಬಾಯಲ್ಲಿ ಅಕ್ಕ. ಊರು ಹೇಳಿದ್ದನ್ನೇ ನನ್ನ ತಲೆಯೂ ಹೇಳುತ್ತದೆ...

ಅಣ್ಣ ಗಲ್ಲಾದ ಹಿಂದೆ ಕೂತು, ಕೆಟ್ಟ ಟಿವಿ, ಮಿಕ್ಸರ್ ಇಸಿದುಕೊಂಡು “ನಾಳಿ ಬರ್ರಿ” ಅನ್ನುತ್ತಿದ್ದ. ಪರದೆಯ ಆಚೆ ಅಕ್ಕ ಅವನ್ನು ಬಿಚ್ಚುತ್ತಿದ್ದಳು. ಬಳೆಯ ಸದ್ದು ಕೇಳುತ್ತಿತ್ತು ಎಂದು ಬರೆದರೆ ಚೆಂದ. ಕೇಳುತ್ತಿರಲಿಲ್ಲ. ಬಳೆಗಳನ್ನು ಮೊಣಕೈತನಕ ಏರಿಸಿ ರಬ್ಬರ್ ಬ್ಯಾಂಡ್ ಬಿಗಿದುಕೊಳ್ಳುತ್ತಿದ್ದಳು.

ಐದಾರು ವರ್ಷಗಳ ಹಿಂದೆ ನಾನು ಬಿಡಿಭಾಗ ತರಿಸಿ ಒಂದು ಡ್ರೋನ್ ಜೋಡಿಸಿದ್ದೆ. ನೆಲದ ಮೇಲೆ ಎಲ್ಲ ಸರಿ. ಮೇಲೇರಿಸಲು ಹೋದರೆ ಅದರ ಹಾರಾಟ ನಿಯಂತ್ರಿಸುವ ಬೋರ್ಡು ಒಂದು ಗಳಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಡ್ರೋನ್ ದೊಪ್ಪನೆ ನೆಲಕ್ಕೆ. ಅಣ್ಣನ ಅಂಗಡಿಗೆ ಒಯ್ದೆ.

“ಬೋರ್ಡ್ ಹೋಗ್ಯಾದ. ಹೊಸಾದು ತರಸು,” ಅಂದ ಅಣ್ಣ, ನೋಡದೆಯೇ.

ಅಕ್ಕ ಡ್ರೋನನ್ನು ಹಲಗೆಗೆ ಹಗ್ಗದಿಂದ ಬಿಗಿದು, ಮುಳ್ಳಿನ ಮೀಟರನ್ನು ಬೋರ್ಡಿಗೆ ಹಚ್ಚಿದಳು. “ರೇಸ್ ಕೊಡು.” ಕೊಟ್ಟೆ. ಮುಳ್ಳು ಐದು ವೋಲ್ಟಿನಿಂದ ಮೂರಕ್ಕೆ ಕುಸಿಯಿತು.

“ಇದು ಸತ್ತಿಲ್ಲೋ ತಮ್ಮಾ. ಮೋಟಾರಿಗೆಲ್ಲ ಉಣ್ಣಾಕ ಹಾಕಿ ಇದನ್ನ ಉಪವಾಸ ಕೆಡವೀದಿ. ಎಲ್ಲಾರೂ ಉಂಡ ಮ್ಯಾಲ ಉಳದದ್ದು ಉಣ್ಣು ಅಂದ್ರ ಯಾರರೆ ಎಷ್ಟ ದಿನ ದುಡೀತಾರ?”

“ನಿನಗೇನ ಕಡಿಮಿ ಬಿದ್ದಾದವಾ?” ಅಂತ ಅಣ್ಣ ಪರದೆಯಾಚೆಯಿಂದ ನಕ್ಕ.

“ಚಾ ಕಡಿಮಿ ಬಿದ್ದಾದ. ಹೇಳ್ರಿ.”

ಬ್ಯಾಟರಿಗೆ ನಾನು ಹಾಕಿದ್ದ ತೆಳು ವೈರ್ ಕಿತ್ತು ದಪ್ಪನೆಯದು ಹಾಕಿದಳು. ಬ್ಯಾಟರಿಯ ತುದಿಗೆ, ಕರೆಂಟ್ ಏರಿಳಿತ ತಡೆಯಲು ಒಂದು ಕೆಪಾಸಿಟರ್ ಕೂಡಿಸಿದಳು. ಬೋರ್ಡಿಗೆಂದೇ ಐದು ವೋಲ್ಟ್ ಕೊಡುವ ಬೇರೆ ಸಣ್ಣ ತುಣುಕೊಂದನ್ನು ಜೋಡಿಸಿದಳು. ಮತ್ತೆ ರೇಸ್ ಕೊಟ್ಟರೆ ಮುಳ್ಳು ಅಲುಗಲಿಲ್ಲ. ಗೋಗಿ ರಸ್ತೆಯ ಬಯಲಿನಲ್ಲಿ ಡ್ರೋನ್ ಏರಿತು, ನಿಂತಿತು, ನಾನು ಇಳಿಸಿದಾಗಲೇ ಇಳಿಯಿತು.

ಆಗ ಅಕ್ಕ ಒಂದು ಮಾತು ಕೇಳಿದಳು. “ಯಾದಗಿರ್ಯಾಗ ಹೊಲಕ್ಕ ಔಷಧ ಹೊಡಿಯೋ ಡ್ರೋನ್ ರಿಪೇರಿ ಮಾಡಾಕ ಮಂದಿ ಬೇಕಂತ. ಇದನ್ನ ಒಯ್ದು ತೋರಸು. ಯಾರ ಮಾಡ್ಯಾರಂತ ಕೇಳಿದ್ರ ನನ್ನ ಹೆಸರ ಹೇಳು. ದಿನಾ ಬಸ್ಸಿಗೆ ಹೋಗಿ ಬರ್ತೀನಿ ನಾ.”

ಒಯ್ದೆ. ತೋರಿಸಿದೆ. “ಭಾರಿ ಕೆಲಸ. ಯಾರ ಮಾಡ್ಯಾರ್ರಿ?” ಎಂದ ಮೇಜಿನಾಚೆಯವನು.

ನಾನು ಅಣ್ಣನ ಹೆಸರು ಹೇಳಿದೆ.

ಯಾಕೆ ಎಂದರೆ ಇಂದು ನಾಲ್ಕು ಕಾರಣ ಕಟ್ಟಬಲ್ಲೆ. ನಂಬಬೇಡಿ. ಹೆಂಗಸಿನ ಹೆಸರು ಹೇಳಿದರೆ ಅವನು ನಗುತ್ತಾನೆಂದು ಅಂಜಿದೆ, ಅಷ್ಟೇ. ಯಾದಗಿರಿಯವರು ಕೆಲಸಕ್ಕೆ ಬಾ ಎಂದು ಅಣ್ಣನಿಗೆ ಹೇಳಿಕಳಿಸಿದರು. ಗಲ್ಲಾ ಬಿಟ್ಟು ಅವನ್ಯಾಕೆ ಹೋದಾನು? ಬೇರೆ ಯಾರನ್ನೋ ಇಟ್ಟುಕೊಂಡರು. ಅಕ್ಕ ಬೈದಿದ್ದರೆ... ಬೈಯಲಿಲ್ಲ.

“ಹೆಸರು ಮರತಿದ್ದೇನೋ ತಮ್ಮಾ?” ಅಂದಳು. ಆಮೇಲೆ ನನ್ನ ಯಾವ ಸಾಮಾನನ್ನೂ ಮುಟ್ಟಲಿಲ್ಲ.

ಮೊನ್ನೆ ಯಾದಗಿರಿಯಿಂದ ನೇರ ಶಹಾಪುರದ ಆ ಅಂಗಡಿಗೇ ಹೋದೆ. ಈಗ ಅಲ್ಲಿ ರಿಪೇರಿಯಿಲ್ಲ, ಮೊಬೈಲ್ ಕವರುಗಳು ತೂಗುತ್ತಿವೆ. ಅಣ್ಣ ನನ್ನನ್ನು ಗಿರಾಕಿಗಳಿಗೆ ತೋರಿಸಿ, “ಇವನ ಡ್ರೋನ್ ಹಾರಿಸಿದಾಂವ ನಾನ ನೋಡ್ರಿ,” ಅಂದ.

“ನೀವಲ್ಲ,” ಎಂದು ಅಕ್ಕನ ಹೆಸರು ಹೇಳಿದೆ.

“ಹೌದೌದು, ಆಕಿನೂ ಜರಾ ಕೈ ಹಚ್ಚತಿದ್ಲು.”

ಜರಾ! ಒಂಚೂರಂತೆ! ಮತ್ತೆ ಹೇಳಿದೆ, ಪೂರಾ ಹೆಸರು, ರಸ್ತೆಗೆ ಕೇಳುವಂತೆ. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

“ಆಕಿ ತೀರಿ ಹೋಗಿ ಎರಡ ವರ್ಷಾತಲ್ಲೋ,” ಎಂದ ಅಣ್ಣ. “ಈಗ್ಯಾಕ ಒದರಾಕತ್ತಿ?”

ಅವನು ಹೇಳಿದ್ದರಲ್ಲಿ ಅದೊಂದೇ ನಿಜ.