ಅತ್ತೆಯ ಚಿಲಕ ಮತ್ತು ರನ್ನಿಂಗ್ ಕಾಲ್

ಕಳೆದ ವರ್ಷ ಒಂದು ಬೆಳಗ್ಗೆ ನನ್ನ ಸೋದರತ್ತೆ ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡರು. ಚಾಮರಾಜಪೇಟೆಯ ನಮ್ಮ ಮನೆಯ ಸಾಗುವಾನಿ ಬಾಗಿಲಿಗೂ ಅತ್ತೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಹಟ. ಒಳಗಿನ ಚಿಲಕ ಕಚ್ಚಿಕೊಂಡಿತ್ತು. ಮೂವತ್ತು ವರ್ಷ ಈರುಳ್ಳಿ ಮಂಡಿ ನಡೆಸಿ, ಹಮಾಲಿಗಳನ್ನು ಕಣ್ಣಲ್ಲೇ ಹೆದರಿಸಿದ ಹೆಂಗಸು ಬರೀ ಟವೆಲ್ ಸುತ್ತಿಕೊಂಡು ಒಳಗೆ ನಿಂತಿದ್ದರು. ಸೀರೆ ಹೊರಗೆ ಹಗ್ಗದ ಮೇಲಿತ್ತು. ಬಾಗಿಲು ಒಡೆದರೂ ಸರಿ, ಬಿಟ್ಟರೂ ಸರಿ, ತನ್ನನ್ನು ಹಾಗೆ ಯಾರೂ ನೋಡಕೂಡದು ಎಂದು ಒಳಗಿನಿಂದಲೇ ಆಜ್ಞೆಯಾಯಿತು.

ಅಗ್ನಿಶಾಮಕ ಠಾಣೆ ಪಕ್ಕದ ರಸ್ತೆಯಲ್ಲೇ ಇದ್ದುದರಿಂದ ಫೋನ್ ಮಾಡದೆ ನಾನೇ ಹೋದೆ. ಅಲ್ಲಿ ಕೂತಿದ್ದವರು ಪುಸ್ತಕ ತೆರೆದು 'ರನ್ನಿಂಗ್ ಕಾಲ್' ಎಂದು ಬರೆದುಕೊಂಡರು. ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ಖುದ್ದಾಗಿ ಬಂದು ಹೇಳಿದರೆ ಅದಕ್ಕೆ ಹಾಗನ್ನುತ್ತಾರಂತೆ. ನಡೆದೇ ಬಂದೆ ಎಂದರೂ ತಿದ್ದಲಿಲ್ಲ.

ಗೋಡೆಯ ಹಲಗೆಯ ಮೇಲೆ ಮಹಾನಿರ್ದೇಶಕರಿಂದ ಶುರುವಾಗಿ ಪ್ರಾದೇಶಿಕ ಅಧಿಕಾರಿ, ಜಿಲ್ಲಾ ಅಧಿಕಾರಿ, ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಅಗ್ನಿಶಾಮಕ ಅಂತ ಒಬ್ಬರ ಕೆಳಗೊಬ್ಬರು ಇದ್ದರು. ಅದರಡಿ ಅತ್ತೆಯ ಚಿಲಕ ಎಂದು ಬರೆಯುವಷ್ಟು ಜಾಗವೂ ಇತ್ತು. ನನ್ನ ದೂರು ಅಷ್ಟೂ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅತ್ತೆಗೆ ನೂರು ತುಂಬುತ್ತದೆ ಅಂದುಕೊಂಡೆ. ಆದರೆ ಯಾರೂ ಮೇಲಿನವರನ್ನು ಕೇಳಲಿಲ್ಲ. ಪುಸ್ತಕದಲ್ಲಿ ಬರೆಯುತ್ತಿದ್ದವರು ಪೆನ್ನು ಕೆಳಗಿಡುವ ಮೊದಲೇ ಗಂಟೆ ಹೊಡೆದು, ಆರು ಜನ ಗಾಡಿ ಹತ್ತಿದ್ದರು.

ಆರು ಜನರಲ್ಲಿ ಹಿರಿಯರು ಹಲಗೆಯಲ್ಲಿದ್ದ 'ಪ್ರಮುಖ ಅಗ್ನಿಶಾಮಕ' ದರ್ಜೆಯವರು. ಮನೆಗೆ ಬಂದವರೇ ಬಚ್ಚಲ ಬಾಗಿಲಿಗೆ ಬಾಯಿಟ್ಟು ಕೇಳಿದರು: "ಅಮ್ಮಾ, ಮೊದ್ಲು ಏನ್ ಬೇಕು?"

"ಸೀರೆ."

ಉಳಿದ ಐವರಿಗೂ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿ, ತಾವೇ ಏಣಿ ಹತ್ತಿದರು. ಮುಖವನ್ನು ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆ ತಿರುಗಿಸಿಕೊಂಡು, ಬಚ್ಚಲ ಮೇಲಿನ ಕಿಂಡಿಯೊಳಗೆ ಲಂಗ, ರವಿಕೆ, ಸೀರೆ ಒಂದೊಂದಾಗಿ ಇಳಿಬಿಟ್ಟರು. ಹೆಲ್ಮೆಟ್ ಹಾಕಿಕೊಂಡ ಐವರು ಹೋಂವರ್ಕ್ ಮಾಡದ ಹುಡುಗರಂತೆ ಗೋಡೆ ನೋಡುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟೆ.

ಆಯ್ತು ಎಂದು ಅತ್ತೆ ಹೇಳುವವರೆಗೂ ಯಾರೂ ಬಾಗಿಲು ಮುಟ್ಟಲಿಲ್ಲ. ಆಮೇಲೆ ಚಿಲಕ ಕತ್ತರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಅತ್ತೆ ನೆರಿಗೆ ಸರಿಮಾಡಿಕೊಂಡು ಹೊರಬಂದು, ಒಬ್ಬೊಬ್ಬರಿಗೂ ಕೈಮುಗಿದು, ಕಾಫಿ ಕುಡಿಸಿಯೇ ಕಳಿಸಿದರು.

ಗಾಡಿ ಹೋದ ಮೇಲೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಅವರು ಬೈಯಲಿಲ್ಲ.

"ಅವರು ಆರು ಜನಾನೂ ಹೊರಗಿನೋರು. ನಕ್ಕಿದ್ದು ಮನೆಯೋನು ನೀನೊಬ್ಬನೇ ಕಣೋ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.