ಮುಚ್ಚಳದ ಮೇಲಿನ ಗುಂಡುಕಲ್ಲು

ನಮ್ಮ ಹಿತ್ತಿಲ ನೀಲಿ ಡ್ರಮ್ಮಿನ ಮುಚ್ಚಳದ ಮೇಲೆ ಈಗೊಂದು ರುಬ್ಬುವ ಗುಂಡುಕಲ್ಲು ಕೂತಿದೆ. ಹೆಗ್ಗಣಗಳಿಗೆ ಹೆದರಿ ಇಟ್ಟದ್ದೆಂದು ನೀವು ಭಾವಿಸಿದರೆ ನನ್ನ ಮಾನ ಉಳಿಯುತ್ತದೆ. ಅದನ್ನು ಇಟ್ಟಿರುವುದು ನನಗಾಗಿ.

ರಾಮನಗರದ ಸೈಟಿನಲ್ಲಿ ಮನೆ ಕಟ್ಟಿ ಮಿಕ್ಕ ನಾಲ್ಕು ಮಾರು ಮಣ್ಣಿಗೆ, ಅಂಗಡಿಯ ಗೊಬ್ಬರ ಬಿಟ್ಟು, ಮನೆಯಲ್ಲೇ ಗೊಬ್ಬರ ಮಾಡುವ ಹುಮ್ಮಸ್ಸು ನನಗೂ ಹತ್ತಿತು. ತಿಪ್ಪೆಯ ಪಕ್ಕದಲ್ಲೇ ಆಡಿ ಬೆಳೆದ ನಾನು, ಕಸ ಕೊಳೆಯುವ ಬಗೆಯನ್ನು ಕಲಿಯಲು ಮೊಬೈಲಿನಲ್ಲಿ ಬಿಳಿ ಕೈಗವಸು ತೊಟ್ಟ ಗುರುವೊಬ್ಬನನ್ನು ಹುಡುಕಿಕೊಂಡೆ. ಬದನೆ ತೊಟ್ಟನ್ನೂ ಬಾಳೆಸಿಪ್ಪೆಯನ್ನೂ ಅಕ್ಕಸಾಲಿಗನಂತೆ ತೂಗಿ ಡ್ರಮ್ಮಿಗೆ ತುಂಬಿದೆ. ಆಮೇಲೆ ಶುರುವಾಯಿತು ನನ್ನ ಹುಟ್ಟುಗುಣ. ಒಣಗಿತೇ? ನೀರು ಹೆಚ್ಚಾಯಿತೇ? ಹುಳ ಬಿದ್ದವೇ? ಬೀಳದಿದ್ದರೆ, ಯಾಕೆ ಬೀಳಲಿಲ್ಲ? ಹಲ್ಲುಜ್ಜುವ ಮೊದಲೊಮ್ಮೆ, ಉಂಡ ಮೇಲೊಮ್ಮೆ ಮುಚ್ಚಳ ತೆಗೆದು, ಕೋಲಾಡಿಸಿ, ಮೂಸಿ, ಐಸಿಯು ಬಾಗಿಲಲ್ಲಿ ಕಾಯುವ ನೆಂಟನಂತೆ ನಿಟ್ಟುಸಿರಿಡುತ್ತಿದ್ದೆ. ಎರಡು ತಿಂಗಳಾದರೂ ಸಿಪ್ಪೆ ಸಿಪ್ಪೆಯಾಗಿಯೇ ಇತ್ತು. ತಾಳ್ಮೆಗೆಟ್ಟು ಅದರಲ್ಲೇ ಅರ್ಧವನ್ನು ಅವರೆ ಬಳ್ಳಿಯ ಬುಡಕ್ಕೆ ಸುರಿದೆ.

ಅದು ಅಂತಿಂಥ ಅವರೆಯಲ್ಲ. ನಮ್ಮತ್ತೆಯವರು ಬೂದಿಯಲ್ಲಿ ಕಾಪಿಟ್ಟುಕೊಂಡು ಬಂದ ತಳಿ; ತಿಪ್ಪಸಂದ್ರದ ಅವರ ಹೊಲವೂ ಸೈಟುಗಳಾಗಿ ಹೋದ ಮೇಲೆ ಅದಕ್ಕೆ ಉಳಿದ ನೆಲ ನಮ್ಮ ಹಿತ್ತಿಲೊಂದೇ. ವಾರದೊಳಗೆ ಬಳ್ಳಿ ಹಳದಿಗಟ್ಟಿ ಜೋತುಬಿತ್ತು. ಅಂಥ ಗಳಿಗೆಯಲ್ಲೇ ಅತ್ತೆ ಬಂದಿಳಿದರು. ಬಳ್ಳಿಯನ್ನು ನೋಡಿದರು, ಡ್ರಮ್ಮನ್ನು ನೋಡಿದರು, ಕೋಲು ಹಿಡಿದು ನಿಂತ ನನ್ನನ್ನೂ ನೋಡಿದರು.

“ಅಳಿಯಂದ್ರೇ, ದಿನಾ ಕೆದುಕ್ತೀರಾ?”

“ಗಾಳಿಯಾಡಲಿ ಅಂತ, ಅತ್ತೆ...”

“ತಿಪ್ಪೆ ಕೆದುಕೋದು ಕೋಳಿ ಕೆಲ್ಸ ಕಣಪ್ಪ. ಅದಾದ್ರೂ ಮೊಟ್ಟೆ ಇಕ್ಕತದೆ.”

ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ಅತ್ತೆ ಡ್ರಮ್ಮಿನಲ್ಲಿ ಉಳಿದಿದ್ದ ಸಿಪ್ಪೆಗೆ ಒಂದು ಮಂಕರಿ ಸಗಣಿ, ಎರಡು ಬೊಗಸೆ ಮಣ್ಣು ಬೆರೆಸಿ, ನೀರು ಚಿಮುಕಿಸಿ, ಗುಂಡುಕಲ್ಲನ್ನು ನನ್ನಿಂದಲೇ ಹೊರಿಸಿ ಮುಚ್ಚಳದ ಮೇಲೆ ಇಡಿಸಿದರು.

“ಯುಗಾದಿ ಕಳಿಯೋಗಂಟ ಮುಟ್ಟಕೂಡ್ದು. ಡಬ್ಬಿಲಿ ಇನ್ನೊಂದು ಹಿಡಿ ಬೀಜ ಐತೆ, ಅಷ್ಟೆಯ. ಕಲ್ಲು ಒಸಿ ಅಲ್ಲಾಡ್ತು ಅಂದ್ರೂ ಅವನ್ನ ಸಾರಿಗೆ ಹಾಕ್ಬುಡ್ತೀನಿ.”

ಕಲ್ಲನ್ನು ನಾನು ಮುಟ್ಟಿಲ್ಲ. ಡ್ರಮ್ಮಿನ ಹೊಟ್ಟೆಗೆ ಅಂಗೈಯಿಟ್ಟು ನೋಡುತ್ತೇನೆ, ಅಷ್ಟೆ. ಬೆಚ್ಚಗಿದೆ. ಎರಡು ತಿಂಗಳ ನನ್ನ ಆತಂಕಕ್ಕೆ ಹುಟ್ಟದ ಕಾವು, ನನ್ನನ್ನು ಆಚೆಗಿಟ್ಟ ಹತ್ತೇ ದಿನಕ್ಕೆ ಹುಟ್ಟಿದೆ. ಇಷ್ಟು ಮೆತ್ತಗೆ ಯಾರೂ ನನ್ನನ್ನು ಬೈದದ್ದಿಲ್ಲ. ಕಾವು ಹೆಚ್ಚೇ ಆಯಿತೇನೋ ಎಂಬುದು ಇವತ್ತಿನ ಚಿಂತೆ. ಕಲ್ಲು ಮಾತ್ರ ಅಲ್ಲಾಡಿಲ್ಲ.